ಯಾರ ಮನೆಯ ವಿಷಯ?

ಮಧುಗಿರಿ ಕಡೆಯ ಒಂದು ಹೋಬಳಿ ಊರು. ಮೇಷ್ಟ್ರು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಊರಲ್ಲಿ ಅವರ ಮಾತಿಗೆ ಇವತ್ತಿಗೂ ಬೆಲೆಯಿದೆ; ಕೆಲವರಿಗೆ ಹಳೆಯ ಭಯವೂ ಇದೆ. ಎದುರು ಕೂತವಳು ಅವರ ಕೈಕೆಳಗೆ ಓದಿದ ಹುಡುಗಿ, ಈಗ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ. ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿಗೆ ಊರಿನ ಹಿರಿಯರೊಬ್ಬರು ಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದು ಕೇಳಲು ಬಂದಿದ್ದಳು. ಐದು ನಿಮಿಷದ ಕೆಲಸ ಎಂದುಕೊಂಡಿದ್ದಳೇನೋ. ಮೇಷ್ಟ್ರನ್ನು ಬಲ್ಲವರು ಹಾಗೆ ಅಂದುಕೊಳ್ಳುವುದಿಲ್ಲ. ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ನಾನು ಕೇಳಿಸಿಕೊಂಡದ್ದು ಇಷ್ಟು.

ಮೇಷ್ಟ್ರು: ಸಹಿ ದೊಡ್ಡದಲ್ಲ ಕಣಮ್ಮ. ಸಹಿ ಹಾಕಿದ ಮೇಲೆ ನಾನು ಮಾಡಬೇಕಾದ್ದೇನು? ಯಾರ ಮನೇಲಿ ಯಾವ ಮಗೂಗೆ ಏಟು ಬಿತ್ತು ಅಂತ ಗೋಡೆಗೆ ಕಿವಿ ಕೊಟ್ಟು ಕೂರಬೇಕಾ? ಸಂಸಾರ ಅಂದಮೇಲೆ ನೂರೆಂಟು ಇರುತ್ತೆ. ಎಲ್ಲಕ್ಕೂ ಸರ್ಕಾರ ತಲೆಹಾಕಿದ್ರೆ ಮನೆ ಅನ್ನೋದು ಉಳಿಯುತ್ತಾ?

ಆಕೆ: ಸರ್ಕಾರ ಆಗಲೇ ಮನೆಯೊಳಗಿದೆ ಸಾರ್. ಪೋಲಿಯೋ ಹನಿ ಹಾಕಿದ ಮನೆ ಬಾಗಿಲಿಗೆ ಸೀಮೆಸುಣ್ಣದ ಗುರುತು ಬೀಳುತ್ತೆ. ಮಗು ಎಷ್ಟು ತೂಗುತ್ತೆ ಅಂತ ಅಂಗನವಾಡಿ ಪುಸ್ತಕದಲ್ಲಿ ಬರೆದಿಡ್ತಾರೆ. ಆಗ ಯಾರೂ 'ಇದು ನಮ್ಮ ಮನೆ ವಿಷಯ' ಅನ್ನಲ್ಲ. ಬೆನ್ನ ಮೇಲೆ ಬಾಸುಂಡೆ ಕಂಡು ಏನಾಯ್ತು ಅಂತ ಕೇಳಿದಾಗ ಮಾತ್ರ ಆ ಮಾತು ಬರುತ್ತೆ.

ಮೇಷ್ಟ್ರು: ಬಾಸುಂಡೆ ಬರೋ ಹಾಗೆ ಹೊಡೆಯೋದನ್ನ ನಾನೂ ಒಪ್ಪಲ್ಲ. ಆದರೆ ಒಂದೇಟು? ನಾನು ಬೆತ್ತ ಹಿಡಿದವನು, ಅದನ್ನೇನೂ ಮುಚ್ಚಿಡಲ್ಲ. ಶಾಲೆಗೆ ಸೇರಿಸೋವಾಗ ಅಪ್ಪಂದಿರೇ 'ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ' ಅಂತ ಹೇಳಿ ಹೋಗ್ತಿದ್ರು. ಅವರ ಮಕ್ಕಳು ಇವತ್ತು ತಾಲ್ಲೂಕು ಕಚೇರೀಲಿ, ಬ್ಯಾಂಕಲ್ಲಿ ಕೆಲಸದಲ್ಲಿದ್ದಾರೆ. ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರೆ ಕಾಲು ಮುಟ್ಟಿ ನಮಸ್ಕಾರ ಮಾಡ್ತಾರೆ.

ಆಕೆ: ನಮಸ್ಕಾರ ಮಾಡೋಕೆ ಬರೋರು ಪಾಸಾದವರು ಸಾರ್. ಐದನೇ ಕ್ಲಾಸಿಗೇ ಬಿಟ್ಟು ಕುರಿ ಹಿಂದೆ ಹೋದವರು, ಯಾಕೆ ಬಿಟ್ಟೆ ಅಂತ ನಿಮಗೆ ಬಂದು ಹೇಳಿದ್ದಾರಾ?

ಇದಕ್ಕೆ ಮೇಷ್ಟ್ರು ಉತ್ತರ ಕೊಡಲಿಲ್ಲ; ಮಾತನ್ನು ಕಾನೂನಿನ ಕಡೆಗೆ ತಿರುಗಿಸಿದರು. ವಾದದಲ್ಲಿ ಪಳಗಿದವರು ಮಾಡುವುದೇ ಹಾಗೆ.

ಮೇಷ್ಟ್ರು: ಶಾಲೇಲಿ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಆಗೋ ಹಾಗೆ ನಡೆಸಿಕೊಳ್ಳಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು. ಮುಂದಿನ ವರ್ಷ ಏಪ್ರಿಲ್‌ನಿಂದ ಜಾರಿಗೆ ಬಂತು, ಬೆತ್ತ ಬೀರು ಮೇಲೆ ಹೋಯ್ತು. ಸರಿ. ಮನೇಲಿ ಹೆತ್ತವರು ಕೈ ಎತ್ತಬಾರದು ಅಂತ ಎಲ್ಲಿದೆ, ತೋರಿಸು.

ಆಕೆ: ಹಾಗಂತ ನೇರವಾಗಿ ಎಲ್ಲೂ ಇಲ್ಲ. ಸ್ವೀಡನ್ 1979ರಲ್ಲೇ ಮನೆಯೊಳಗಿನ ಏಟನ್ನೂ ನಿಷೇಧಿಸಿತು. ಪ್ರಪಂಚದಲ್ಲಿ ಅದೇ ಮೊದಲು. ನಮ್ಮ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮು, ಹನ್ನೆರಡರೊಳಗಿನ ಮಗುವಿನ ಒಳ್ಳೇದಕ್ಕೆ ಅಂತ ಪೋಷಕರು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ ಅನ್ನುತ್ತೆ. ಬೇಕಂತಲೇ ತೀವ್ರ ಗಾಯ ಮಾಡಿದ್ರೆ ಆ ರಕ್ಷಣೆ ಇಲ್ಲ. ಇತ್ತ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು, ಮಗುವಿನ ಜವಾಬ್ದಾರಿ ಹೊತ್ತವರು ಅದನ್ನ ಹೊಡೆದು, ಬಿಟ್ಟುಹೋಗಿ, ಹಿಂಸಿಸಿ, ಬೇಕಂತಲೇ ನಿರ್ಲಕ್ಷಿಸಿ ಮೈಗೋ ಮನಸ್ಸಿಗೋ ವೃಥಾ ನೋವು ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ ಅನ್ನುತ್ತೆ. ಎರಡೂ ಒಟ್ಟಿಗೇ ಇವೆ.

ಮೇಷ್ಟ್ರು: ಅಂದ್ರೆ ಗೆರೆ ಎಲ್ಲಿದೆ ಅಂತ ಕಾನೂನಿಗೇ ಗೊತ್ತಿಲ್ಲ. ನನಗೆ ಹೇಗೆ ಗೊತ್ತಾಗಬೇಕು?

ಆಕೆ: ಮೈ ಹೇಳುತ್ತೆ ಸಾರ್. ಆಡೋ ಮಗು ಬಿದ್ರೆ ಮೊಣಕಾಲು ತರಚುತ್ತೆ, ಹಣೆ ಊದುತ್ತೆ. ಕಿವಿ, ಕತ್ತು, ಹೊಟ್ಟೆ, ಬೆನ್ನು ಇಲ್ಲೆಲ್ಲ ಕಪ್ಪುಗಟ್ಟಿದ್ರೆ ಅದು ಬಿದ್ದದ್ದಲ್ಲ ಅಂತ ಅನುಮಾನ ಪಡಬೇಕು. ಇನ್ನೂ ಅಂಬೆಗಾಲೇ ಇಡದ ಕೂಸಿನ ಮೈಮೇಲೆ ಕಲೆ ಕಂಡ್ರಂತೂ, ಅದು ತಾನಾಗಿ ಎಲ್ಲಿಂದ ಬಿದ್ದೀತು? ಹೇಳೋ ಕಾರಣಕ್ಕೂ ಗಾಯಕ್ಕೂ ಹೊಂದಲ್ಲ, ಒಂದೊಂದು ಸಲ ಒಂದೊಂದು ಕಥೆ, ಆಸ್ಪತ್ರೆಗೆ ತಂದದ್ದು ಮೂರು ದಿನ ಬಿಟ್ಟು. ಇಷ್ಟು ನೋಡೋಕೆ ಡಾಕ್ಟರೇ ಆಗಬೇಕಿಲ್ಲ.

ಮೇಷ್ಟ್ರು: ಡಾಕ್ಟರುಗಳಿಗೇ ಕಾಣಲ್ವಂತಲ್ಲ.

ಆಕೆ: ಎಷ್ಟೋ ಕಾಲ ಕಾಣಲಿಲ್ಲ, ನಿಜ. 1946ರಲ್ಲಿ ಜಾನ್ ಕ್ಯಾಫಿ ಅನ್ನೋ ಅಮೆರಿಕದ ಡಾಕ್ಟರು, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ ಕೂಸುಗಳ ಎಕ್ಸ್‌ರೇ ತೆಗೆಸಿ ನೋಡಿದ್ರೆ ಕೈಕಾಲು ಮೂಳೆಯಲ್ಲೂ ಮುರಿತ. ಕೆಲವು ಹಳೇದು, ಕೆಲವು ಹೊಸದು. ಅವರು ಬರೆದಿಟ್ಟರು, ಆದರೆ ಹೆತ್ತವರೇ ಹೀಗೆ ಮಾಡಿದ್ದು ಅಂತ ನಂಬೋಕೆ ವೈದ್ಯ ಸಮುದಾಯಕ್ಕೆ ಇನ್ನೂ ಹದಿನಾರು ವರ್ಷ ಬೇಕಾಯ್ತು. 1962ರಲ್ಲಿ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಆಸ್ಪತ್ರೆಗಳಿಂದ 302 ಇಂಥ ಪ್ರಕರಣ ಲೆಕ್ಕ ಹಾಕಿದರು. 33 ಮಕ್ಕಳು ಸತ್ತಿದ್ದವು. ಆಮೇಲೆ ಐದೇ ವರ್ಷದಲ್ಲಿ ಆ ದೇಶದ ಎಲ್ಲ ರಾಜ್ಯಗಳೂ ವರದಿ ಮಾಡಲೇಬೇಕು ಅನ್ನೋ ಕಾನೂನು ತಂದವು.

ಮೇಷ್ಟ್ರು: ಅಲ್ಲಿಯ ಲೆಕ್ಕ ಅಲ್ಲಿಗೆ. ನಮ್ಮ ಕಡೆಯದನ್ನ ಕೇಳ್ತೀನಿ. ಕೂಸಿಗೆ ಕಾಮಾಲೆ ಬಂತು ಅಂತ ಅಜ್ಜಿ ಹೊಟ್ಟೆಗೆ ಬರೆ ಹಾಕಿಸ್ತಾಳೆ. ರಾತ್ರಿಯೆಲ್ಲ ಅದನ್ನ ಎದೆಗವಚಿಕೊಂಡು ಅಳೋಳೂ ಅವಳೇ. ಅದೂ ನಿನ್ನ ಪಟ್ಟೀಲಿ ದೌರ್ಜನ್ಯವಾ?

ಆಕೆ: ಅಜ್ಜಿಯ ಪ್ರೀತಿ ಅಜ್ಜಿಗೆ ಗೊತ್ತು ಸಾರ್, ಕೂಸಿಗೆ ಗೊತ್ತಾಗೋದು ಸುಟ್ಟದ್ದು. ಆದರೂ ಅಜ್ಜಿನ ಠಾಣೆಗೆ ಎಳೆಯೋಕೆ ನಾನು ಹೋಗಲ್ಲ. ಮೊದಲು ಕೂಸಿಗೆ ಔಷಧಿ ಆಗಲಿ. ಬರೆ ಹಾಕಿ ದುಡ್ಡು ಇಸ್ಕೊಳ್ಳೋನನ್ನ ಮಾತ್ರ ಬಿಡಬಾರದು.

ಮೇಷ್ಟ್ರು: ನೋಡು, ನೀನೇ ಒಬ್ಬರಿಗೆ ಬುದ್ಧಿಮಾತು, ಇನ್ನೊಬ್ಬರಿಗೆ ಕೇಸು ಅಂತ ಭಾಗ ಮಾಡ್ತಿದೀಯ. ನಿನ್ನ ಕೈಲಿ ಆ ತಕ್ಕಡಿ ಇರೋದು ಸರಿ, ನೀನು ಒಳ್ಳೇ ಹುಡುಗಿ. ನಾಳೆ ನಿನ್ನ ಜಾಗಕ್ಕೆ ಬರೋನು?

ಅವಳು ನಕ್ಕಳು, ಆದರೆ ಪ್ರಶ್ನೆ ಹಾಗೇ ಉಳಿಯಿತು. ಒಳಗಿಂದ ಕಾಫಿ ಬಂತು. ಲೈಂಗಿಕ ದೌರ್ಜನ್ಯದ ಮಾತೆತ್ತಿದಾಗ ಮೇಷ್ಟ್ರ ದನಿಯೇ ಬದಲಾಯಿತು.

ಮೇಷ್ಟ್ರು: ಅದರಲ್ಲಿ ನನ್ನದು ಎರಡು ಮಾತಿಲ್ಲ. ಅಂಥವರನ್ನ ಗಲ್ಲಿಗೆ ಹಾಕಬೇಕು.

ಆಕೆ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೋಕ್ಸೊ ಕಾಯ್ದೆಗೆ 2019ರಲ್ಲಿ ಮರಣದಂಡನೆಯನ್ನೂ ಸೇರಿಸಿದ್ದಾರೆ, ತೀರಾ ಘೋರವಾದ ಪ್ರಕರಣಗಳಿಗೆ. ಗಲ್ಲು ಅಂತ ಹೇಳೋದು ಸುಲಭ ಸಾರ್, ಯಾಕಂದ್ರೆ ಆಗ ನಮ್ಮ ಕಣ್ಣ ಮುಂದೆ ಬರೋನು ಯಾರೋ ಗುರುತಿಲ್ಲದ ರಾಕ್ಷಸ. ನಾನು ನೋಡೋ ಕಡತಗಳಲ್ಲಿ ಇರೋರು ಸೋದರಮಾವ, ಪಕ್ಕದ ಮನೆಯಣ್ಣ, ಆಟೋದೋನು, ಟ್ಯೂಷನ್ ಹೇಳೋನು, ಕೆಲವು ಸಲ ಅಪ್ಪ. ಮಗಳು ಬಾಯಿಬಿಟ್ರೆ ತಮ್ಮ ಗಲ್ಲಿಗೆ ಹೋಗ್ತಾನೆ ಅಂತ ಗೊತ್ತಾದ ತಾಯಿ ಏನು ಮಾಡ್ತಾಳೆ? ಮಗಳ ಬಾಯಿ ಮುಚ್ಚಿಸ್ತಾಳೆ. ಶಿಕ್ಷೆ ದೊಡ್ಡದಾದಷ್ಟೂ ಮನೆಯೊಳಗೆ ಅದನ್ನ ಮುಚ್ಚೋ ಕೈಗಳೂ ಹೆಚ್ಚಾಗ್ತವೆ.

ಮೇಷ್ಟ್ರು: ಹಾಗಂತ ಶಿಕ್ಷೆ ಬೇಡ ಅನ್ನೋಕಾಗುತ್ತಾ?

ಆಕೆ: ಬೇಡ ಅನ್ನಲ್ಲ. ಶಿಕ್ಷೆ ಬರೋದು ಕಟ್ಟಕಡೇಲಿ. ಮೊದಲು ಮಗು ಹೇಳಬೇಕಲ್ಲ, ನಾವು ಕೇಳಬೇಕಲ್ಲ. 2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನ ಕೇಳಿ ಒಂದು ಅಧ್ಯಯನ ಪ್ರಕಟಿಸಿತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಅಂದವು. ಮಾಡಿದವರಲ್ಲಿ ಅರ್ಧದಷ್ಟು ಜನ ಆ ಮಗುವಿಗೆ ಗೊತ್ತಿದ್ದವರು, ಅದು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಮೇಷ್ಟ್ರು: ಅರ್ಧಕ್ಕಿಂತ ಹೆಚ್ಚು! ನಂಬೋ ಹಾಗಿದೆಯಾ? ಲೆಕ್ಕ ಹೇಗೆ ಹಾಕಿದ್ರು, ಏನೇನು ಸೇರಿಸಿದ್ರು ಅಂತ ಓದಿದ್ದೀಯಾ? ಕೊಳಕು ಚಿತ್ರ ತೋರಿಸಿದ್ದನ್ನೂ ಅದರಲ್ಲೇ ಎಣಿಸಿದ್ದಾರೆ.

ಮೇಷ್ಟ್ರು ಆ ವರದಿಯನ್ನು ಓದಿದ್ದಾರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆಕೆ: ಎಣಿಸಿದ್ದಾರೆ, ಹೌದು. ತೀವ್ರ ಸ್ವರೂಪದ್ದನ್ನ ಬೇರೆ ಮಾಡಿ ನೋಡಿದ್ರೆ ಶೇ. 20.90. ಆಗಲೂ ಐವರಲ್ಲಿ ಒಬ್ಬರಾಯ್ತು. ನಿಮ್ಮ ತರಗತೀಲಿ ನಲವತ್ತು ಮಕ್ಕಳಿದ್ರೆ ಎಂಟು.

ಮೇಷ್ಟ್ರು: ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಆಕೆ: ಇರಲಿಲ್ಲ. ಆಂಧ್ರ ಇತ್ತು, ಕೇರಳ ಇತ್ತು, ಮಹಾರಾಷ್ಟ್ರ, ಗೋವಾ ಇದ್ದವು. ಸುತ್ತ ಇರೋದು ನಮ್ಮ ಗಡಿ ದಾಟಲ್ಲ ಅಂತ ನೀವು ಹೇಳಿದ್ರೆ ನಾನು ಒಪ್ಕೋತೀನಿ. ಇನ್ನೊಂದು ವಿಷಯ ಅದರಲ್ಲೇ ಇದೆ. ಹಿಂಸೆ ಅನುಭವಿಸಿದವರಲ್ಲಿ ಹುಡುಗರ ಪಾಲು ಹುಡುಗಿಯರಿಗಿಂತ ಸ್ವಲ್ಪ ಹೆಚ್ಚೇ, ಶೇ. 52.94.

ಆಗ ಲೋಟ ತೆಗೆದುಕೊಂಡು ಹೋಗಲು ಬಂದ ಮೇಷ್ಟ್ರ ಮನೆಯ ಅಮ್ಮಾವ್ರು ಬಾಗಿಲಲ್ಲೇ ನಿಂತು ಒಂದು ಮಾತು ಹೇಳಿದರು. ಅಲ್ಲಿಯವರೆಗೆ ಅವರು ಮಾತಿಗೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಅಮ್ಮಾವ್ರು: 'ಆ ಮನೇಗೆ ಒಬ್ಬಳೇ ಹೋಗಬೇಡ ಕಣೆ' ಅಂತ ಹೆಣ್ಣುಮಕ್ಕಳಿಗೆ ಹೇಳ್ತಿದ್ವಿ. ಯಾಕೆ ಅಂತ ಹೇಳ್ತಿರಲಿಲ್ಲ. ಗಂಡುಮಕ್ಕಳಿಗೆ ಅಷ್ಟೂ ಹೇಳಲಿಲ್ಲ.

ಇಡೀ ಸಂಜೆಯ ಮಾತಿನಲ್ಲಿ ನನಗೆ ಹೆಚ್ಚು ತೂಕದ್ದಾಗಿ ಕಂಡದ್ದು ಈ ಮೂರು ವಾಕ್ಯ. ಯಾವ ಮನೆ ಎಂದು ಊರಿಗೆ ಗೊತ್ತಿರುತ್ತದೆ, ಹೆಂಗಸರಿಗೆ ಗೊತ್ತಿರುತ್ತದೆ. ಮಕ್ಕಳಿಗೆ ಹೇಳಿಕೊಡುವುದು ದಾರಿ ತಪ್ಪಿಸಿಕೊಂಡು ನಡೆಯುವುದನ್ನು ಮಾತ್ರ. ಆ ಮನೆಯವನು ಮಾತ್ರ ಜಾತ್ರೆಯಲ್ಲಿ ಮುಂದಿನ ಸಾಲಿನಲ್ಲೇ ಇರುತ್ತಾನೆ.

ಮೇಷ್ಟ್ರು: ಸರಿ, ಮಗು ಹೇಳಿತು ಅಂತಿಟ್ಟುಕೋ. ಆಮೇಲೆ? ಪೊಲೀಸರು, ಕೋರ್ಟು, ಡಾಕ್ಟರು. ಮಗು ಅದೇ ಕಥೇನ ಹತ್ತು ಜನಕ್ಕೆ ಹತ್ತು ಸಲ ಹೇಳಬೇಕು.

ಆಕೆ: ಹೇಳಿಸಬಾರದು ಅಂತಲೇ 2012ರಲ್ಲಿ ಪೋಕ್ಸೊ ಬಂದದ್ದು. ಹೇಳಿಕೆ ಮಗುವಿನ ಮನೇಲೋ ಅದು ಬಯಸಿದ ಜಾಗದಲ್ಲೋ ತಗೋಬೇಕು. ಆದಷ್ಟೂ ಮಹಿಳಾ ಎಸ್‌ಐ ತಗೋಬೇಕು, ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಮಗೂನ ಠಾಣೇಲಿ ಇರಿಸಿಕೊಳ್ಳಬಾರದು. ಕೋರ್ಟಿನಲ್ಲಿ ಆರೋಪಿಯ ಮುಖ ಮಗುವಿಗೆ ಕಾಣದ ಹಾಗೆ ವ್ಯವಸ್ಥೆ ಇರಬೇಕು. ವೈದ್ಯರ ಪರೀಕ್ಷೇಲಿ ಗುರುತು ಸಿಗಲಿಲ್ಲ ಅಂದ ಮಾತ್ರಕ್ಕೆ ಏನೂ ನಡೆದಿಲ್ಲ ಅಂತಲ್ಲ. ಇಂಥ ಹೆಚ್ಚಿನ ಮಕ್ಕಳ ಮೈಮೇಲೆ ಗುರುತೇ ಇರಲ್ಲ.

ಮೇಷ್ಟ್ರು: ಬೇಕು, ಬಾರದು. ಕಾಗದದ ಮೇಲೆ ಚೆನ್ನಾಗಿದೆ. ಆದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಅಂತಲೂ ಅದೇ ಕಾಯ್ದೇಲಿದೆ. ಮುಗಿಯುತ್ತಾ? ಕೇಸು ಎಳೆದಷ್ಟೂ ಸಾಕ್ಷಿಗಳು ತಿರುಗಿ ಬೀಳ್ತಾರೆ. ಹುಡುಗಿಗೆ ಮದುವೆ ವಯಸ್ಸು ಬರುತ್ತೆ, ಮನೆಯವರೇ ಹೇಳಿಕೆ ಬದಲಾಯಿಸಿ ಬಾ ಅಂತಾರೆ. ಇನ್ನೊಂದು ಕೇಳು. ಹದಿನೇಳರ ಹುಡುಗಿ, ಒಬ್ಬನ ಜೊತೆ ಓಡಿಹೋಗಿದ್ದಾಳೆ, ಇಲ್ಲಾ ಮನೆಯವರೇ ಗುಟ್ಟಾಗಿ ಮದುವೆ ಮಾಡಿದ್ದಾರೆ. ಬಸುರಿ. ಆಸ್ಪತ್ರೆಗೆ ಹೋದ್ರೆ ಡಾಕ್ಟರು 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ 21ನೇ ಕಲಮಿನ ಪ್ರಕಾರ ಅವರಿಗೇ ಆರು ತಿಂಗಳವರೆಗೆ ಜೈಲು. ಅದಕ್ಕೆ ಹುಡುಗಿ ಆಸ್ಪತ್ರೆಗೇ ಹೋಗಲ್ಲ, ಯಾವುದೋ ಹಟ್ಟೀಲಿ ಹೆರುತ್ತೆ. ಮಗೂನ ಉಳಿಸೋಕೆ ಮಾಡಿದ ಕಾನೂನು ಈ ಮಗೂನ ಏನು ಮಾಡ್ತು?

ಆಕೆ: (ಸ್ವಲ್ಪ ಹೊತ್ತು ಬಿಟ್ಟು) ಇದು ನಮ್ಮನ್ನೂ ಕಾಡೋ ವಿಷಯ ಸಾರ್. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ಹೆಸರು, ಗುರುತನ್ನ ಡಾಕ್ಟರು ಪೊಲೀಸರಿಗೆ ಹೇಳಬೇಕಿಲ್ಲ, ಹುಡುಗಿಯೂ ಪೋಷಕರೂ ಬೇಡ ಅಂದ್ರೆ, ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಹೆರಿಗೆಗೆ ಬಂದವಳ ವಿಷಯದಲ್ಲಿ ನನ್ನ ಹತ್ರ ಉತ್ತರ ಇಲ್ಲ. ಆದರೆ ಹದಿಮೂರರ ಹುಡುಗೀನ ಮೂವತ್ತರವನಿಗೆ ಕಟ್ಟಿ ಕಳಿಸಿದ್ದನ್ನೂ ಊರು 'ಮದುವೆ' ಅಂತಲೇ ಕರೆಯುತ್ತೆ. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ವರದಿ ಮಾಡೋ ಕಡ್ಡಾಯ ತೆಗೆದುಹಾಕಿದ್ರೆ ಆ ಹದಿಮೂರರವಳ ಪರ ಮಾತಾಡೋರು ಯಾರು?

ಮೇಷ್ಟ್ರು: ಹದಿಮೂರಕ್ಕೂ ಹದಿನೇಳಕ್ಕೂ ಒಂದೇ ಬೀಗ ಹಾಕಿದ್ದೀರಿ ಅನ್ನೋದೇ ನನ್ನ ತಕರಾರು.

ಆಕೆ: ಆ ತಕರಾರು ಸರಿ ಇರಬಹುದು. ಆದರೆ ಬೀಗ ತೆಗೆಯೋ ಕೆಲಸ ಸಂಸತ್ತಿನದ್ದು, ನಿಮ್ಮದೂ ಅಲ್ಲ ನನ್ನದೂ ಅಲ್ಲ.

ಮಾತು ನಿರ್ಲಕ್ಷ್ಯದ ಕಡೆಗೆ ಹೊರಳಿದ್ದು ಮೇಷ್ಟ್ರಿಂದಲೇ. ಅವರ ನಿಜವಾದ ಸಿಟ್ಟು ಇದ್ದದ್ದೂ ಅಲ್ಲೇ ಎಂದು ಆಮೇಲೆ ತಿಳಿಯಿತು.

ಮೇಷ್ಟ್ರು: ನಿನ್ನ ಪತ್ರದಲ್ಲಿ ದೌರ್ಜನ್ಯದ ನಾಲ್ಕು ಬಗೆ ಬರೆದಿದೆ: ದೈಹಿಕ, ಲೈಂಗಿಕ, ಭಾವನಾತ್ಮಕ, ನಿರ್ಲಕ್ಷ್ಯ. ಈ ನಾಲ್ಕನೇದರ ಬಗ್ಗೆ ಹೇಳು. ಮಳೆ ಕೈಕೊಟ್ಟ ವರ್ಷ ಪಾವಗಡ, ಮಧುಗಿರಿ ಕಡೆಯಿಂದ ಗಂಡಹೆಂಡತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗ್ತಾರೆ. ಮಕ್ಕಳು ಅಜ್ಜಿ ಹತ್ರ. ಅಜ್ಜಿಗೆ ಕಣ್ಣು ಮಂಜು. ದೊಡ್ಡ ಹುಡುಗಿ ಶಾಲೆ ಬಿಟ್ಟು ಚಿಕ್ಕೋನ ಸೊಂಟಕ್ಕೆ ಏರಿಸಿಕೊಂಡಿರ್ತಾಳೆ. ಇಲ್ಲಾ, ಮಕ್ಕಳನ್ನೂ ಕರಕೊಂಡು ಹೋಗಿ ಕಟ್ಟಡದ ಪಕ್ಕ ತಗಡಿನ ಶೆಡ್ಡಲ್ಲಿ ಬಿಟ್ಟು ಕೆಲಸಕ್ಕೆ ಹತ್ತಿರ್ತಾರೆ. ನಿನ್ನ ಪುಸ್ತಕದ ಪ್ರಕಾರ ಎರಡೂ ನಿರ್ಲಕ್ಷ್ಯ. ನನ್ನ ಪ್ರಕಾರ ಎರಡೂ ಬಡತನ.

ಆಕೆ: ಬಡತನಾನ ನಿರ್ಲಕ್ಷ್ಯ ಅಂತ ಬರೆದುಕೊಳ್ಳೋದು ನಮ್ಮ ಕೆಲಸದಲ್ಲಿ ಆಗೋ ದೊಡ್ಡ ತಪ್ಪು. ಬಾಲನ್ಯಾಯ ಕಾಯ್ದೇಲಿ 'ಬೇಕಂತಲೇ' ಅನ್ನೋ ಮಾತಿದೆ. ಕೈಮೀರಿದ ಕಾರಣಕ್ಕೆ ಹೆತ್ತವರು ಮಗೂನ ಬಿಟ್ಟಿದ್ರೆ ಅದನ್ನ ಬೇಕಂತಲೇ ಮಾಡಿದ್ದು ಅಂತ ತಿಳಿಯಬಾರದು ಅಂತಲೂ ಸೇರಿಸಿದ್ದಾರೆ. ನಾನು ಮನೆಗೆ ಹೋದ್ರೆ ಮೊದಲು ನೋಡೋದು, ಇದ್ದೂ ಕೊಡಲಿಲ್ವಾ, ಇಲ್ಲದೆ ಕೊಡಲಿಲ್ವಾ ಅಂತ. ಗಂಡುಮಗೂಗೆ ಮೊಟ್ಟೆ, ಹಾಲು ಇದೆ, ಹೆಣ್ಣುಮಗು ತೂಕ ಕೆಂಪು ಗೆರೆಯಲ್ಲಿದೆ ಅಂದ್ರೆ ಅದು ಬಡತನ ಅಲ್ಲ. ಮಗೂಗೆ ಮೇಲಿಂದ ಮೇಲೆ ಫಿಟ್ಸ್ ಬರ್ತಿದೆ, ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಬಿಟ್ಟಿ ಸಿಗುತ್ತೆ, ಆದರೂ ವರ್ಷಗಟ್ಟಲೆ ತೋರಿಸಿಲ್ಲ, ಅಪ್ಪ ಮಾತ್ರ ದಿನಾ ಸಂಜೆ ಅಂಗಡಿ ಮುಂದೆ ಕೂತಿರ್ತಾನೆ. ಅದೂ ಬಡತನ ಅಲ್ಲ.

ಮೇಷ್ಟ್ರು: ಒಪ್ಪಿದೆ. ಈಗ ದುಡ್ಡಿದ್ದವರ ಮನೆಗೆ ಬಾ. ಏಳೆಂಟು ವರ್ಷದ ಹುಡುಗನ್ನ ನವೋದಯ, ಸೈನಿಕ ಶಾಲೆ ಪರೀಕ್ಷೆಗೆ ಅಂತ ಕೋಚಿಂಗ್ ಹಾಸ್ಟೆಲ್ಲಿಗೆ ಬಿಡ್ತಾರೆ. ತಿಂಗಳಿಗೊಮ್ಮೆ ಬಂದು ಮುಖ ನೋಡಿ ಬಿಸ್ಕತ್ತು ಕೊಟ್ಟು ಹೋಗ್ತಾರೆ. ಪಟ್ಟಣದಲ್ಲಿ ಎರಡು ವರ್ಷದ ಕೂಸಿನ ಕೈಗೆ ಮೊಬೈಲು ಕೊಟ್ಟು ಕೂರಿಸಿರ್ತಾರೆ. ಅದು ಮಾತೇ ಕಲಿತಿರಲ್ಲ. ಅದು ನಿರ್ಲಕ್ಷ್ಯ ಅಲ್ವಾ? ಅಲ್ಲಿಗೆ ನಿಮ್ಮ ಜೀಪು ಹೋಗಿದೆಯಾ?

ಆಕೆ: ಇಲ್ಲ ಸಾರ್.

ಮೇಷ್ಟ್ರು: ಹೋಗಲ್ಲ. ಯಾಕಂದ್ರೆ ಅಲ್ಲಿ ಗೇಟಿದೆ, ಶೆಡ್ಡಿಗೆ ಗೇಟಿಲ್ಲ. ಬಡವನ ಮಗು ಬೀದೀಲಿ ಕಾಣುತ್ತೆ, ಅದನ್ನ ಎತ್ತಿಕೊಂಡು ಬಂದು ಬಾಲಮಂದಿರಕ್ಕೆ ಹಾಕ್ತೀರಿ. ರಕ್ಷಣೆ ಮಾಡಿದೆವು ಅಂತ ವರದಿ ಬರೀತೀರಿ.

ಆಕೆ: ಗೇಟಿನ ಮಾತು ನಿಜ, ಅದಕ್ಕೆ ನಾನು ಎದುರಾಡಲ್ಲ. ಬಾಲಮಂದಿರದ ಮಾತು ಅರ್ಧ ನಿಜ. ಸಂಸ್ಥೆಗೆ ಸೇರಿಸೋದು ಕೊನೇ ದಾರಿ ಅಂತ ಬಾಲನ್ಯಾಯ ಕಾಯ್ದೆಯೇ ಹೇಳುತ್ತೆ. ಯಾಕೆ ಅಂತ ರುಮೇನಿಯಾ ದೇಶದ ಅನಾಥಾಲಯಗಳನ್ನ ನೋಡಿ. ಅಲ್ಲಿ ಮಕ್ಕಳಿಗೆ ಊಟ ಇತ್ತು, ಹಾಸಿಗೆ ಇತ್ತು. ಎತ್ತಿಕೊಳ್ಳೋರು, ಅತ್ತರೆ ಓಗೊಡೋರು ಇರಲಿಲ್ಲ. 2000ದ ಆಸುಪಾಸಿನಲ್ಲಿ ಬುಖಾರೆಸ್ಟಿನಲ್ಲಿ ಸಂಶೋಧಕರು 136 ಕೂಸುಗಳನ್ನ ತಗೊಂಡು, ಚೀಟಿ ಎತ್ತಿದ ಹಾಗೆ ಅರ್ಧದಷ್ಟನ್ನ ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬೋದ್ರೊಳಗೆ ಮನೆ ಸೇರಿದವು ಬುದ್ಧೀಲೂ, ಜನರನ್ನ ಹಚ್ಚಿಕೊಳ್ಳೋದ್ರಲ್ಲೂ ಎಷ್ಟೋ ಮೇಲಾದವು. ಸಂಸ್ಥೇಲೇ ಉಳಿದವು ಹಿಂದೆ ಬಿದ್ದವು. ಏನೂ ಮಾಡದೇ ಇರೋದರಿಂದಲೇ ಮಗು ಕೆಡಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮೇಷ್ಟ್ರು: ನನ್ನ ವಾದಾನೇ ನೀನು ಗಟ್ಟಿ ಮಾಡ್ತಿದೀಯ. ಕಣ್ಣು ಮಂಜಾದ್ರೂ ಅಜ್ಜಿ ಎತ್ತಿಕೊಳ್ತಾಳೆ.

ಆಕೆ: ಅದಕ್ಕೇ ಮಗೂನ ಅಲ್ಲೇ ಬಿಟ್ಟು ಅಜ್ಜಿಗೆ ಆಸರೆ ಕೊಡಬೇಕು ಅನ್ನೋದು. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೇಲಿ ಪ್ರಾಯೋಜಕತ್ವ ಅಂತಿದೆ, ತಿಂಗಳಿಗೆ 4,000 ರೂಪಾಯಿ. ಅರ್ಹತೆ ಇರೋ ಎಷ್ಟು ಮನೆಗಳಿಗೆ ಅದರ ಹೆಸರೇ ಗೊತ್ತಿಲ್ಲ. ಅರ್ಜಿ ತುಂಬೋರಿಲ್ಲ, ಆದಾಯ ಪ್ರಮಾಣಪತ್ರಕ್ಕೆ ಓಡಾಡೋರಿಲ್ಲ. ನೀವು ಸಮಿತಿಗೆ ಬಂದು ವರ್ಷಕ್ಕೆ ಇಂಥ ನಾಲ್ಕು ಅರ್ಜಿ ಹಾಕಿಸಿದ್ರೂ ನಾಲ್ಕು ಹುಡುಗಿಯರು ಸೊಂಟದ ಮೇಲಿನ ತಮ್ಮನ್ನ ಇಳಿಸಿ ಶಾಲೆಗೆ ಹೋಗ್ತಾರೆ.

ಮೇಷ್ಟ್ರು: ಇದನ್ನ ಮೊದಲೇ ಹೇಳಬೇಕಿತ್ತು. ನೀನು ಬಂದವಳೇ ಕಲಮು ಹೇಳೋಕೆ ಶುರುಮಾಡಿದೆ.

(ವಾಸ್ತವವಾಗಿ ಕಲಮು ಹೇಳಲು ಶುರುಮಾಡಿದ್ದು ಮೇಷ್ಟ್ರೇ.)

ಭಾವನಾತ್ಮಕ ದೌರ್ಜನ್ಯದ ಮಾತು ಬಂದಾಗ ಮೇಷ್ಟ್ರು ನಕ್ಕುಬಿಟ್ಟರು. ಬೈಯುವುದೂ ಅಪರಾಧವಾದರೆ ಈ ಊರಿನಲ್ಲಿ ಹೊರಗಿರುವವರು ಯಾರೂ ಇರುವುದಿಲ್ಲ ಎಂದರು. ಸಿಟ್ಟಿನಲ್ಲಿ ಬೈದು ಸಂಜೆ ತಲೆ ನೇವರಿಸುವುದು ಬೇರೆ, ದಿನಾ ಬೆಳಗಾದರೆ 'ನೀನು ಹುಟ್ಟದಿದ್ದರೇ ಚೆನ್ನಾಗಿತ್ತು' ಎಂದು ಕೇಳಿಸಿಕೊಂಡು ಬೆಳೆಯುವುದು ಬೇರೆ ಎಂದಳು ಅವಳು. ಅಪ್ಪ ಅಮ್ಮನನ್ನು ಬಡಿಯುವುದನ್ನು ಮೂಲೆಯಲ್ಲಿ ನಿಂತು ನೋಡುವ ಮಗುವಿನ ಮೈಮೇಲೆ ಒಂದು ಗೀರೂ ಇರುವುದಿಲ್ಲ. ಅದನ್ನು ಎಲ್ಲಿ ಬರೆದುಕೊಳ್ಳಬೇಕು ಎಂದೂ ಕೇಳಿದಳು. ಇದಕ್ಕೆಲ್ಲ ಪೊಲೀಸರು ಬೇಡ, ಮನೆಗೆ ಹೋಗಿ ಕೂತು ಮಾತಾಡುವ ಹಿರಿಯರು ಬೇಕು ಎಂಬಲ್ಲಿ ಇಬ್ಬರೂ ಒಂದಾದರು. ಆದರೆ 'ಕೂತು ಮಾತಾಡುವುದು' ಎಂಬುದರಲ್ಲೇ ಮತ್ತೆ ಜಗಳ ಹತ್ತಿತು.

ಮೇಷ್ಟ್ರು: ಅದೇ ನಾನು ಹೇಳೋದು. ಊರಿನ ತಂಟೆ ಊರಲ್ಲೇ ತೀರಬೇಕು. ಕುಡಿದು ಬಂದು ಹೊಡೆಯೋನ ಮನೆ ಮುಂದೆ ನಾನು ನಾಲ್ಕು ಸಂಜೆ ಹೋಗಿ ನಿಂತ್ರೆ ಅವನ ಕೈ ಇಳಿಯುತ್ತೆ. ಕೇಸು ಹಾಕಿದ್ರೆ ಜಾಮೀನಿನ ಮೇಲೆ ಬಂದು ಇನ್ನೆರಡು ಹೊಡೀತಾನೆ.

ಆಕೆ: ಕುಡುಕ ಅಪ್ಪನ ವಿಷಯದಲ್ಲಿ ನೀವು ಹೇಳೋದು ನಡೆದೀತು. ಅದೂ ಮಗೂಗೆ ಅಪಾಯ ಇಲ್ಲ ಅಂತ ಖಾತ್ರಿ ಇದ್ರೆ. ಲೈಂಗಿಕ ದೌರ್ಜನ್ಯಕ್ಕೆ ರಾಜಿಪಂಚಾಯ್ತಿ ಕೂಡದು. ಕಟ್ಟೆ ಮೇಲೆ ಕೂರಿಸಿ, ತಪ್ಪುಕಾಣಿಕೆ ಕಟ್ಟಿಸಿ, ಅದೇ ಬೀದೀಲಿ ಆ ಮಗೂನ ಅವನ ಎದುರಿಗೇ ಓಡಾಡಿಸೋದಿದೆಯಲ್ಲ, ಅದು ಎರಡನೇ ಸಲ ಮಾಡಿದ ಹಾಗೆ. ಅಲ್ಲಿ ರಾಜಿ ಮಾಡಿಸಿದವರೂ ವಿಷಯ ಮುಚ್ಚಿಟ್ಟವರ ಲೆಕ್ಕಕ್ಕೇ ಬರ್ತಾರೆ.

ಮೇಷ್ಟ್ರು: ಆಯ್ತು. ಆದರೆ ಇದು ಊರು ಕಣಮ್ಮ. ಇಲ್ಲಿ ಎರಡು ಪಾರ್ಟಿ, ನಾಲ್ಕು ಜಾತಿ. ಚುನಾವಣೇಲಿ ಸೋತೋನು ಗೆದ್ದೋನ ಮೇಲೆ ಮಕ್ಕಳ ಸಹಾಯವಾಣಿ ಹತ್ತು ತೊಂಬತ್ತೆಂಟಕ್ಕೆ ಫೋನ್ ಮಾಡ್ತಾನೆ. ಆಗ?

ಆಕೆ: ದ್ವೇಷಕ್ಕೆ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಪೋಕ್ಸೊದ 22ನೇ ಕಲಮಿನಲ್ಲಿ ಶಿಕ್ಷೆ ಇದೆ; ಮಗು ಹೇಳಿದ್ದು ಸುಳ್ಳಾದ್ರೂ ಮಗೂಗೆ ಶಿಕ್ಷೆ ಇಲ್ಲ. ಒಳ್ಳೇ ಮನಸ್ಸಿನಿಂದ ತಿಳಿಸಿದವರ ಮೇಲೆ ಕ್ರಮ ಇಲ್ಲ. ದೂರು ಬಂದ ಕೂಡಲೇ ಯಾರನ್ನೂ ಎಳಕೊಂಡು ಹೋಗಲ್ಲ, ವಿಚಾರಿಸ್ತೀವಿ. ಮಗೂನ ಮನೆಯಿಂದ ಕರಕೊಂಡು ಬರಲೇಬೇಕಾದ್ರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಅಲ್ಲಿ ಅಧ್ಯಕ್ಷರು, ನಾಲ್ಕು ಜನ ಸದಸ್ಯರು. ತೀರ್ಮಾನ ಅವರದ್ದು, ನನ್ನದಲ್ಲ. ನಾಳೆ ನನ್ನ ಜಾಗಕ್ಕೆ ಬರೋನು ಯಾರು ಅಂತ ಆಗ ಕೇಳಿದ್ರಲ್ಲ, ಅದಕ್ಕೂ ಇದೇ ಉತ್ತರ.

ಮೇಷ್ಟ್ರು: ಪೂರ್ತಿ ಉತ್ತರ ಅಲ್ಲ. ಆ ಐದು ಜನ ಹೇಗಿರ್ತಾರೆ ಅನ್ನೋದರ ಮೇಲಿದೆ.

ಆಕೆ: ಹೌದು. ಮೇಷ್ಟ್ರು ಹೇಗಿರ್ತಾರೆ ಅನ್ನೋದರ ಮೇಲೆ ಶಾಲೆ ಇರೋ ಹಾಗೆ.

ಮೇಷ್ಟ್ರು: (ನಗುತ್ತಾ) ಚುಚ್ಚಬೇಡ. ಸರಿ, ನಾಳೆ ಒಂದು ಮಗು ಬಂದು ನನ್ನ ಹತ್ರ ಏನೋ ಹೇಳ್ತು. ನಾನೇನು ಮಾಡಲಿ?

ಆಕೆ: ಸುಮ್ಮನೆ ಕೇಳಿಸಿಕೊಳ್ಳಿ. 'ನೀನು ಯಾಕೆ ಅಲ್ಲಿಗೆ ಹೋಗಿದ್ದೆ', 'ಮೊದಲೇ ಯಾಕೆ ಹೇಳಲಿಲ್ಲ' ಅನ್ನಬೇಡಿ. ನೀವೇ ಮಾತು ಬಾಯಿಗೆ ಹಾಕಬೇಡಿ. ಕೋರ್ಟಿನಲ್ಲಿ ಅದೇ ತಿರುಗುಬಾಣ ಆಗುತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಯಾಕಂದ್ರೆ ಹೇಳಲೇಬೇಕಾಗುತ್ತೆ. ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪೇನಿಲ್ಲ ಅನ್ನಿ. ಅದರ ಮಾತಲ್ಲೇ ಬರೆದಿಟ್ಟುಕೊಂಡು ನಮಗೆ ಫೋನ್ ಮಾಡಿ. ಯಾರ ಮೇಲೆ ಹೇಳಿತೋ ಅವನನ್ನ ಕರೆಸಿ ಕೇಳೋಕೆ ಮಾತ್ರ ಹೋಗಬೇಡಿ.

ಮೇಷ್ಟ್ರು: ನನ್ನದೊಂದು ಷರತ್ತು. ಸಭೆಯ ನಡಾವಳಿ ಪುಸ್ತಕ ಪಂಚಾಯಿತಿ ಕಚೇರೀಲಿ ಇರುತ್ತೆ. ಬಿಲ್ ಕಲೆಕ್ಟರಿಂದ ಹಿಡಿದು ನೀರುಗಂಟಿವರೆಗೆ ಎಲ್ಲರೂ ತಿರುವಿ ನೋಡ್ತಾರೆ. ಅದರಲ್ಲಿ ಮಗುವಿನ ಹೆಸರಾಗಲಿ, ಅಪ್ಪನ ಹೆಸರಾಗಲಿ, ಬೀದಿ ಹೆಸರಾಗಲಿ ಬರೆಯಕೂಡದು.

ಆಕೆ: ಅದು ನಿಮ್ಮ ಷರತ್ತಲ್ಲ ಸಾರ್, ಕಾನೂನೇ ಅದು. ಬಾಲನ್ಯಾಯ ಕಾಯ್ದೆಯ 74ನೇ ಕಲಮು, ಪೋಕ್ಸೊದ 23ನೇ ಕಲಮು. ಗುರುತು ಹೊರಗೆ ಹಾಕಿದವರಿಗೆ ಜೈಲು.

ಮೇಷ್ಟ್ರು: ಹಾಗಾದ್ರೆ ಒಂದು ಕಲಮಾದ್ರೂ ನನ್ನ ಪರ ಇದೆ. ಪತ್ರ ಇಟ್ಟು ಹೋಗು, ಇನ್ನೊಂದು ಸಲ ಓದಿ ನೋಡ್ತೀನಿ. ಹದಿನೇಳರ ಹುಡುಗಿ ವಿಷಯದಲ್ಲಿ ನಾನು ನಿನ್ನ ಮಾತು ಒಪ್ಪಿಲ್ಲ, ನೆನಪಿರಲಿ.

ಆಕೆ: ಒಂದೇಟಿನ ವಿಷಯದಲ್ಲಿ ನಾನೂ ಒಪ್ಪಿಲ್ಲ ಸಾರ್.

ಅವಳು ಕೊನೆಯ ಬಸ್ಸಿಗೆ ಹೊರಟಳು. ಮೇಷ್ಟ್ರು ಸಮಿತಿ ಸೇರುತ್ತಾರೋ ಬಿಡುತ್ತಾರೋ, ಓದುವವರಿಗೆ ಒಂದು ವಿಷಯ ಮಾತ್ರ ಹೇಳಬೇಕು. ಮಗುವೊಂದಕ್ಕೆ ತೊಂದರೆಯಾಗುತ್ತಿದೆ ಎಂದು ಅನ್ನಿಸಿದರೆ ಕರೆ ಮಾಡಬೇಕಾದ ಸಂಖ್ಯೆ 1098. ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ದುಡ್ಡಿಲ್ಲ, ಮಕ್ಕಳು ತಾವೇ ಮಾಡಬಹುದು. ಪೋಕ್ಸೊ ಪ್ರಕರಣವಾದರೆ ನಡೆದದ್ದು ಗೊತ್ತಿರಬೇಕೆಂದೂ ಇಲ್ಲ, ನಡೆದೀತು ಎಂಬ ಆತಂಕವಿದ್ದರೂ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಸಾಕ್ಷಿ ಹುಡುಕುವುದು ಕರೆ ಮಾಡಿದವರ ಕೆಲಸವಲ್ಲ.